ಸನ್ನೆಯಿಂದ ಗೆದ್ದ ಆಟಗಾರ ವಿಲಿಯಂ ಹೋಯ್

ಮಾತು ಮನುಷ್ಯನಿಗೆ ಭೂಷಣವೆಂದು ಹಿರಿಯರು ಹೇಳುತ್ತ ಬಂದಿದ್ದಾರೆ. ಆದರೆ ಮಾತೆಂದರೆ ನಾಲಗೆಯಿಂದ ಹೊರಟು ಕಿವಿಯನ್ನು ಮುಟ್ಟುವ ಧ್ವನಿ ಮಾತ್ರವೇ? ಯಕ್ಷಗಾನದ ರಂಗಸ್ಥಳದಲ್ಲಿ ವೇಷಧಾರಿಯು ಬಾಯಿ ತೆರೆಯುವುದಕ್ಕೆ ಮೊದಲೇ ಅವನ ಕೈ, ಕಣ್ಣು, ಹುಬ್ಬುಗಳು ಅರ್ಧ ಕಥೆಯನ್ನು ಹೇಳಿ ಮುಗಿಸಿರುತ್ತವೆ. ದನಗಳ ಜಾತ್ರೆಯಲ್ಲಿ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು, ಒಂದು ಸೊಲ್ಲನ್ನೂ ಎತ್ತದೆ, ಜೋಡೆತ್ತಿನ ಬೆಲೆಯನ್ನು ಗೊತ್ತುಮಾಡುವ ರೂಢಿ ನಮ್ಮ ನಾಡಿನಲ್ಲಿ ಹಳೆಯದು. ಕ್ರಿಕೆಟ್ ಆಟದಲ್ಲಿ ಅಂಪೈರನು ಎರಡು ಕೈಗಳನ್ನೂ ಮೇಲೆತ್ತಿದರೆ ಆರು ಓಟ, ಒಂದು ಬೆರಳನ್ನು ಎತ್ತಿದರೆ ಆಟಗಾರ ಔಟ್ ಎಂಬುದು ಕನ್ನಡ ಶಾಲೆಯ ಎರಡನೆಯ ಇಯತ್ತೆಯ ಹುಡುಗನಿಗೂ ಗೊತ್ತು. ಹೀಗೆ ಸನ್ನೆಯ ಭಾಷೆಯು ನಮಗಾರಿಗೂ ಅಪರಿಚಿತವಲ್ಲ. ನಮಗೆ ಅದು ಮಾತಿಗೆ ಒಂದು ಒಗ್ಗರಣೆ. ಆದರೆ ಕಿವಿ ಕೇಳದವರಿಗೆ ಅದೇ ಊಟ, ಅದೇ ಉಸಿರು. ಅಂತಹ ಒಬ್ಬ ಕಿವುಡ ಬಾಲಕನು ಶಾಲೆಯಲ್ಲಿ ಸನ್ನೆಯ ಭಾಷೆಯನ್ನು ಕಲಿತು, ಆ ಭಾಷೆಯ ಬಲದಿಂದ ತನ್ನ ದೇಶದ ಅತ್ಯುಚ್ಚ ಕ್ರೀಡಾಂಗಣವನ್ನು ಹೊಕ್ಕು, ತೊಂಬತ್ತೊಂಬತ್ತು ವರ್ಷ ಬಾಳಿ ಹೋದನು. ಆತನೇ ಅಮೆರಿಕದ ಬೇಸ್‌ಬಾಲ್ ಆಟಗಾರ ವಿಲಿಯಂ ಎಲ್ಸ್‌ವರ್ತ್ ಹೋಯ್. ಆತನ ಜೀವನವೃತ್ತಾಂತವು ನಮ್ಮ ಮಲೆನಾಡಿನ ಶಾಲೆಗಳಿಗೂ ಒಂದು ಪಾಠವಾಗಬಲ್ಲುದೆಂದು ತಿಳಿದು ಈ ಲೇಖನವನ್ನು ಬರೆಯಲು ಹೊರಟಿದ್ದೇನೆ.

ಹೋಯ್ ಹುಟ್ಟಿದ್ದು ೧೮೬೨ನೆಯ ಇಸವಿ ಮೇ ತಿಂಗಳ ೨೩ರಂದು, ಓಹಿಯೋ ಸಂಸ್ಥಾನದ ಹೌಕ್‌ಟೌನ್ ಎಂಬ ಸಣ್ಣ ಹಳ್ಳಿಯಲ್ಲಿ. ತಂದೆತಾಯಿಗಳು ಬೇಸಾಯಗಾರರು. ಅಮೆರಿಕದಲ್ಲಿ ಆಗ ಅಂತರ್ಯುದ್ಧ ನಡೆಯುತ್ತಿದ್ದ ಕಾಲ. ಹುಟ್ಟಿದಾಗ ಮಗುವಿಗೆ ಯಾವ ಊನವೂ ಇರಲಿಲ್ಲ. ಮೂರು ವರ್ಷ ತುಂಬುವ ಹೊತ್ತಿಗೆ ಮೆನಿಂಜೈಟಿಸ್ ಎಂಬ ಮಿದುಳಿನ ಪೊರೆಯ ಜ್ವರ ಬಂದಿತು. ಆ ಕಾಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಬದುಕಿ ಉಳಿಯುವುದೇ ದೊಡ್ಡದು. ಮಗು ಬದುಕಿತು, ಆದರೆ ಎರಡು ಕಿವಿಗಳೂ ಪೂರ್ತಿಯಾಗಿ ಕೇಳದಾದವು.

ಕಿವಿ ಹೋದರೆ ಮಾತೂ ಹೋಗುವುದೇಕೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸಬೇಕು. ಮಗುವು ಮಾತನ್ನು ಕಲಿಯುವುದು ಕೇಳಿ ಕಲಿಯುವುದರಿಂದ. ಕೇಳದ ಮಗುವಿನ ಗಂಟಲು, ನಾಲಗೆಗಳು ನಮ್ಮವುಗಳಂತೆಯೇ ಇರುತ್ತವೆ. ಅವಕ್ಕೆ ದಾರಿ ತೋರಿಸುವ ಕಿವಿ ಮಾತ್ರ ಇಲ್ಲ. ಆದುದರಿಂದ ನಾವು ಯಾರನ್ನು ಮೂಕರೆಂದು ಕರೆಯುತ್ತೇವೆಯೋ ಅವರಲ್ಲಿ ಬಹುಮಂದಿ ನಿಜವಾಗಿ ಕಿವುಡರು. ಅವರ ಬುದ್ಧಿಗೆ ಯಾವ ಕೊರತೆಯೂ ಇರುವುದಿಲ್ಲ. ಆದರೂ ಜಗತ್ತಿನ ಎಲ್ಲ ಹಳ್ಳಿಗಳಲ್ಲಿಯೂ ಇಂತಹ ಮಗುವಿನ ಹಣೆಬರಹ ಒಂದೇ ಬಗೆಯದು. ಶಾಲೆಗೆ ಕಳಿಸಿ ಪ್ರಯೋಜನವೇನೆಂದು ಕೇಳುವ ಬಂಧುಗಳು, ಮೂಗ ಎಂದು ಕರೆಯುವ ಓರಗೆಯ ಹುಡುಗರು, ದನ ಕಾಯುವುದಕ್ಕಾದರೂ ಆದೀತೆಂದು ಸಮಾಧಾನ ಪಡುವ ತಂದೆ. ಹೋಯ್ ಕೂಡ ಹತ್ತು ವರ್ಷದವರೆಗೆ ಹೊಲಮನೆಯಲ್ಲಿಯೇ ಬೆಳೆದನು.

ಹತ್ತನೆಯ ವಯಸ್ಸಿನಲ್ಲಿ, ಅಂದರೆ ೧೮೭೨ರಲ್ಲಿ, ತಂದೆತಾಯಿಗಳು ಅವನನ್ನು ಸಂಸ್ಥಾನದ ರಾಜಧಾನಿಯಾದ ಕೊಲಂಬಸ್ ನಗರದ ಕಿವುಡರ ಶಾಲೆಗೆ ಸೇರಿಸಿದರು. ಆ ಶಾಲೆಯು ೧೮೨೯ರಲ್ಲಿ ಪ್ರಾರಂಭವಾದದ್ದು. ಅಲ್ಲಿನ ಪಾಠಕ್ಕೆ ಸನ್ನೆಯ ಭಾಷೆಯೇ ಆಧಾರ. ಆ ಭಾಷೆಯ ಮೂಲವು ದೂರದ ಪ್ಯಾರಿಸ್ ನಗರದಲ್ಲಿದೆ. ಹದಿನೆಂಟನೆಯ ಶತಮಾನದಲ್ಲಿ ಅಲ್ಲಿ ಆಬೆ ಡಿ ಲೆಪೆ ಎಂಬ ಪಾದ್ರಿಯು ಬಡ ಕಿವುಡ ಮಕ್ಕಳನ್ನು ಕೂಡಿಸಿ, ಅವರು ತಮ್ಮತಮ್ಮಲ್ಲಿ ಮಾಡುತ್ತಿದ್ದ ಕೈಸನ್ನೆಗಳನ್ನೇ ತಾನೂ ಕಲಿತು, ಆ ಮೂಲಕ ಅವರಿಗೆ ಓದುಬರಹ ಕಲಿಸಿದನು. ಗುರುವು ಶಿಷ್ಯರಿಂದ ಭಾಷೆಯನ್ನು ಕಲಿತದ್ದು ಇಲ್ಲಿಯ ವಿಶೇಷ. ಆತನ ಶಾಲೆಯಲ್ಲಿ ಕಲಿತ ಲಾರೆಂಟ್ ಕ್ಲರ್ಕ್ ಎಂಬವನು, ಸ್ವತಃ ಕಿವುಡನು, ೧೮೧೬ರಲ್ಲಿ ಥಾಮಸ್ ಗ್ಯಾಲೋಡೆಟ್ ಎಂಬ ಅಮೆರಿಕನ್ನನ ಜೊತೆಗೆ ಹಡಗು ಹತ್ತಿ ಅಮೆರಿಕಕ್ಕೆ ಹೋದನು. ಮರುವರ್ಷ ಹಾರ್ಟ್‌ಫರ್ಡ್ ಎಂಬ ಊರಿನಲ್ಲಿ ಅವರಿಬ್ಬರೂ ಶಾಲೆಯನ್ನು ತೆರೆದರು. ಆ ದೀಪದಿಂದ ಹೊತ್ತಿಸಿಕೊಂಡ ದೀಪಗಳಲ್ಲಿ ಓಹಿಯೋದ ಶಾಲೆಯೂ ಒಂದು.

ಏಳು ವರ್ಷಗಳ ಕಾಲ ಮನೆಯವರೊಡನೆ ಕೂಡ ಮನಬಿಚ್ಚಿ ಮಾತಾಡಲಾರದಿದ್ದ ಬಾಲಕನು ಇದ್ದಕ್ಕಿದ್ದಂತೆ ತನ್ನಂತಹ ನೂರಾರು ಮಕ್ಕಳ ನಡುವೆ ಬಂದು ನಿಂತನು. ಅಲ್ಲಿ ಎಲ್ಲರ ಕೈಗಳೂ ಮಾತಾಡುತ್ತಿದ್ದವು. ತಡವಾಗಿ ಶಾಲೆಗೆ ಸೇರಿದರೂ ಹೋಯ್ ಹಿಂದೆ ಬೀಳಲಿಲ್ಲ. ಪ್ರಾಥಮಿಕದಿಂದ ಪ್ರೌಢಶಾಲೆಯವರೆಗಿನ ಪಾಠಗಳನ್ನು ಕೆಲವೇ ವರ್ಷಗಳಲ್ಲಿ ಮುಗಿಸಿ, ೧೮೭೯ರಲ್ಲಿ ತನ್ನ ವರ್ಗಕ್ಕೆ ಮೊದಲಿಗನಾಗಿ ಹೊರಬಂದನು. ಮೂಗನೆಂದು ಊರು ಕರೆದಿದ್ದ ಹುಡುಗನಿಗೆ ಒಂದು ಭಾಷೆ ದೊರೆತೊಡನೆ ಇಷ್ಟು ಸಾಧ್ಯವಾಯಿತು.

ಇದರ ಮಹತ್ವವು ಮರುವರ್ಷ ನಡೆದ ಸಂಗತಿಯಿಂದ ಇನ್ನೂ ಸ್ಪಷ್ಟವಾಗುತ್ತದೆ. ೧೮೮೦ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಕಿವುಡರ ಶಿಕ್ಷಣವನ್ನು ಕುರಿತು ಅಂತರರಾಷ್ಟ್ರೀಯ ಸಮ್ಮೇಳನವೊಂದು ಸೇರಿತು. ಅಲ್ಲಿ ಕೂಡಿದ್ದವರು ಬಹುಮಟ್ಟಿಗೆ ಎಲ್ಲರೂ ಕಿವಿ ಕೇಳುವವರೇ. ಕಿವುಡ ಮಕ್ಕಳಿಗೆ ಸನ್ನೆಯಿಂದ ಕಲಿಸಬಾರದು, ತುಟಿ ನೋಡಿ ತಿಳಿಯುವುದನ್ನೂ ಬಾಯಿಂದ ನುಡಿಯುವುದನ್ನೂ ಮಾತ್ರ ಕಲಿಸಬೇಕು ಎಂದು ಅವರು ನಿರ್ಣಯಿಸಿದರು. ಅದರ ಪರಿಣಾಮವಾಗಿ ಅನೇಕ ದೇಶಗಳ ಶಾಲೆಗಳಲ್ಲಿ ಸನ್ನೆಯು ನಿಷಿದ್ಧವಾಯಿತು. ಸನ್ನೆ ಮಾಡಿದ ಮಕ್ಕಳ ಕೈಗೆ ಪೆಟ್ಟು ಬಿದ್ದಿತು. ಕಿವುಡ ಅಧ್ಯಾಪಕರು ಕೆಲಸ ಕಳೆದುಕೊಂಡರು. ತುಟಿಯ ಚಲನೆಯನ್ನು ನೋಡಿ ಕೆಲವರು ಕಲಿತದ್ದುಂಟು. ಆದರೆ ಎಷ್ಟೋ ಮಕ್ಕಳು ಪಾಠವನ್ನು ಬಿಟ್ಟು ಉಚ್ಚಾರಣೆಯ ಕಸರತ್ತಿನಲ್ಲಿಯೇ ತಮ್ಮ ಬಾಲ್ಯವನ್ನು ಕಳೆದರು. ಆ ನಿರ್ಣಯವು ತಪ್ಪಾಗಿತ್ತೆಂದು ಅಂತಹದೇ ಸಮ್ಮೇಳನವು ಕೆನಡಾದ ವ್ಯಾಂಕೂವರ್ ನಗರದಲ್ಲಿ ಸೇರಿ ವಿಷಾದವನ್ನು ಸೂಚಿಸಿದ್ದು ೨೦೧೦ರಲ್ಲಿ. ಅಂದರೆ ನೂರಮೂವತ್ತು ವರ್ಷಗಳ ಮೇಲೆ! ಹೋಯ್ ಆ ನಿಷೇಧಕ್ಕೆ ಒಂದು ವರ್ಷ ಮೊದಲೇ ಶಾಲೆಯನ್ನು ಮುಗಿಸಿದ್ದನು. ಅದು ಅವನ ಭಾಗ್ಯ.

ಶಾಲೆಯಲ್ಲಿ ಹೋಯ್ ಪುಸ್ತಕದ ಜೊತೆಗೆ ಚಪ್ಪಲಿ, ಬೂಟು ಹೊಲಿಯುವ ಕಸುಬನ್ನೂ ಕಲಿತಿದ್ದನು. ಊರಿಗೆ ಹಿಂದಿರುಗಿ ಒಂದು ಸಣ್ಣ ಅಂಗಡಿಯನ್ನು ತೆರೆದನು. ಆದರೆ ಬೇಸಗೆ ಬಂತೆಂದರೆ ಹಳ್ಳಿಯ ಜನ ಬರಿಗಾಲಿನಲ್ಲಿ ತಿರುಗುತ್ತಿದ್ದರು. ಬೂಟು ಹೊಲಿಯುವವನಿಗೆ ಕೆಲಸವಿರುತ್ತಿರಲಿಲ್ಲ. ನಮ್ಮ ಕಡೆಯ ಜನಕ್ಕೆ ಇದು ಬಿಡಿಸಿ ಹೇಳಬೇಕಾದ ಸಂಗತಿಯಲ್ಲ. ಆ ಬಿಡುವಿನಲ್ಲಿ ಹೋಯ್ ಅಂಗಡಿಯ ಹೊರಗೆ ಊರ ಹುಡುಗರೊಡನೆ ಚೆಂಡಾಡುತ್ತಿದ್ದನು. ಆಳು ಗಿಡ್ಡ, ಐದಡಿಗೆ ನಾಲ್ಕೈದು ಅಂಗುಲ ಮಾತ್ರ ಹೆಚ್ಚು. ಆದರೆ ಕಾಲಿನಲ್ಲಿ ಚಿರತೆಯ ವೇಗ, ತೋಳಿನಲ್ಲಿ ಕವಣೆಯ ಬಲ. ಅದನ್ನು ಕಂಡವರು ಆತನನ್ನು ಸುತ್ತಲಿನ ಊರುಗಳ ಪಂದ್ಯಗಳಿಗೆ ಕರೆದರು. ೧೮೮೬ರಲ್ಲಿ ಆತ ಅಂಗಡಿಯನ್ನು ಬಿಟ್ಟು ವಿಸ್ಕಾನ್ಸಿನ್ ಸಂಸ್ಥಾನದ ಆಷ್‌ಕಾಷ್ ಎಂಬ ಊರಿನ ತಂಡವನ್ನು ಸೇರಿದನು. ಅಲ್ಲಿಂದ ಅವನ ವೃತ್ತಿಜೀವನ ಮೊದಲಾಯಿತು.

ಮುಂದಿನ ಕಥೆ ತಿಳಿಯಬೇಕಾದರೆ ಬೇಸ್‌ಬಾಲ್ ಆಟದ ಪರಿಚಯ ಸ್ವಲ್ಪ ಬೇಕು. ಕ್ರಿಕೆಟ್‌ನಂತೆ ಅದೂ ದಾಂಡು ಚೆಂಡಿನ ಆಟ. ಆದರೆ ವಿಕೆಟ್ ಇಲ್ಲ, ಚೆಂಡು ನೆಲಕ್ಕೆ ಪುಟಿದು ಬರುವುದಿಲ್ಲ. ಚೌಕದ ನಾಲ್ಕು ಮೂಲೆಗಳಲ್ಲಿ ನಾಲ್ಕು ನೆಲೆಗಳಿರುತ್ತವೆ. ಹೊಡೆದವನು ಒಂದೊಂದೇ ನೆಲೆಯನ್ನು ದಾಟಿ, ಮೂಲ ನೆಲೆಗೆ ಮರಳಿದರೆ ಒಂದು ಓಟ. ಎಸೆದ ಚೆಂಡು ಸರಿಯಾದ ಅಳತೆಯಲ್ಲಿ ಬಂದು ದಾಂಡಿಗನು ಹೊಡೆಯದೆ ಬಿಟ್ಟರೆ, ಅಥವಾ ಬೀಸಿ ತಪ್ಪಿದರೆ, ಅದನ್ನು ಸ್ಟ್ರೈಕ್ ಎನ್ನುತ್ತಾರೆ. ಅಳತೆಯ ಹೊರಗೆ ಬಂದರೆ ಬಾಲ್ ಎನ್ನುತ್ತಾರೆ. ಈಗಿನ ನಿಯಮದಂತೆ ಮೂರು ಸ್ಟ್ರೈಕಿಗೆ ದಾಂಡಿಗನು ಔಟ್. ನಾಲ್ಕು ಬಾಲಿಗೆ ಅವನು ಮೊದಲನೆಯ ನೆಲೆಗೆ ಸುಮ್ಮನೆ ನಡೆದು ಹೋಗಬಹುದು. ಹೋಯ್ ಆಡಲು ತೊಡಗಿದಾಗ ಈ ಎಣಿಕೆಗಳು ಆಗಾಗ ಬದಲಾಗುತ್ತಿದ್ದವು. ತತ್ತ್ವ ಮಾತ್ರ ಒಂದೇ. ಪ್ರತಿ ಚೆಂಡಿಗೂ ತೀರ್ಪು ಹೇಳುವವನು ಅಂಪೈರ್. ಕ್ರಿಕೆಟ್‌ನಲ್ಲಿ ಮುಖ್ಯ ಅಂಪೈರನು ದಾಂಡಿಗನ ಎದುರಿಗೆ ನಿಂತಿರುತ್ತಾನೆ. ಬೇಸ್‌ಬಾಲಿನಲ್ಲಿ ದಾಂಡಿಗನ ಬೆನ್ನ ಹಿಂದೆ. ಆ ಕಾಲದಲ್ಲಿ ಅಂಪೈರನು ತೀರ್ಪನ್ನು ಬಾಯಿಂದ ಕೂಗಿ ಹೇಳುತ್ತಿದ್ದನು.

ಕಿವುಡನ ಕಷ್ಟ ಈಗ ಅರ್ಥವಾದೀತು. ಪ್ರತಿ ಚೆಂಡಿನ ಅನಂತರವೂ ಹೋಯ್ ಹಿಂದಕ್ಕೆ ತಿರುಗಿ ಅಂಪೈರನ ಮುಖವನ್ನು ನೋಡಬೇಕಾಗುತ್ತಿತ್ತು. ಎದುರಾಳಿಗಳು ಈ ದೌರ್ಬಲ್ಯವನ್ನು ಕಂಡುಕೊಂಡರು. ಆತ ತೀರ್ಪನ್ನು ತಿಳಿದು ಇತ್ತ ತಿರುಗಿ ದಾಂಡನ್ನು ಸರಿಯಾಗಿ ಹಿಡಿಯುವುದರೊಳಗೆ ಮುಂದಿನ ಚೆಂಡನ್ನು ಎಸೆದುಬಿಡುತ್ತಿದ್ದರು. ಮೊದಲ ವರ್ಷ ಆತನ ಹೊಡೆತದ ಸರಾಸರಿ ತೀರ ಕೆಳಗಿತ್ತು. ಬೇರೆ ಯಾರಾದರೂ ಆಗಿದ್ದರೆ ದೈವವನ್ನು ಹಳಿದುಕೊಂಡು ಬೂಟಿನ ಅಂಗಡಿಗೆ ಮರಳುತ್ತಿದ್ದರೇನೋ!

ಹೋಯ್ ಹಾಗೆ ಮಾಡಲಿಲ್ಲ. ಒಂದು ಚೀಟಿಯನ್ನು ಬರೆದು ತನ್ನ ತಂಡದ ಮಾರ್ಗದರ್ಶಕನ ಕೈಗೆ ಕೊಟ್ಟನು. ಆ ಆಟದಲ್ಲಿ ಮೂರನೆಯ ನೆಲೆಯ ಹತ್ತಿರ ತಂಡದ ಮಾರ್ಗದರ್ಶಕನೊಬ್ಬನು ನಿಂತಿರುತ್ತಾನೆ. ದಾಂಡಿಗನಿಗೆ ಅವನು ಕಣ್ಣಳತೆಯಲ್ಲಿಯೇ ಇರುತ್ತಾನೆ. ಅಂಪೈರನು ಸ್ಟ್ರೈಕ್ ಎಂದರೆ ಮಾರ್ಗದರ್ಶಕನು ಬಲಗೈಯನ್ನು ಎತ್ತಬೇಕು. ಬಾಲ್ ಎಂದರೆ ಎಡಗೈಯನ್ನು ಎತ್ತಬೇಕು. ಇಷ್ಟೇ ಏರ್ಪಾಡು. ಇದಕ್ಕೆ ಒಂದು ಕಾಸಿನ ಖರ್ಚಿಲ್ಲ, ಯಂತ್ರವಿಲ್ಲ, ನಿಯಮದ ಬದಲಾವಣೆಯಿಲ್ಲ. ೧೮೮೭ರ ಋತುವಿನಲ್ಲಿ ಹೋಯ್‌ನ ಹೊಡೆತದ ಸರಾಸರಿ ಏಕಾಏಕಿ ಮೇಲಕ್ಕೇರಿತು. ಆಷ್‌ಕಾಷ್ ತಂಡವು ಆ ವರ್ಷದ ಪ್ರಶಸ್ತಿಯನ್ನು ಗೆದ್ದಿತು. ಒಂದೇ ವರ್ಷದಲ್ಲಿ ಆತನ ಕಿವಿ ಬದಲಾಗಿರಲಿಲ್ಲ, ತೋಳೂ ಬದಲಾಗಿರಲಿಲ್ಲ. ಬದಲಾದದ್ದು ಜೊತೆಯವನೊಬ್ಬನು ಕೈಯನ್ನು ಎತ್ತಿದ್ದು ಮಾತ್ರ.

೧೮೮೮ರಲ್ಲಿ ಆತ ವಾಷಿಂಗ್ಟನ್ ತಂಡದ ಮೂಲಕ ದೇಶದ ಅತ್ಯುಚ್ಚ ಪಂದ್ಯಾವಳಿಯನ್ನು ಪ್ರವೇಶಿಸಿದನು. ಎದುರಾಳಿಯ ಕಣ್ಣು ತಪ್ಪಿಸಿ ಒಂದು ನೆಲೆಯಿಂದ ಮುಂದಿನ ನೆಲೆಗೆ ಓಡಿ ಸೇರುವುದಕ್ಕೆ ಆ ಆಟದಲ್ಲಿ ನೆಲೆ ಕದಿಯುವುದೆಂದು ಹೆಸರು. ಆ ಮೊದಲ ವರ್ಷವೇ ಹೋಯ್, ಆಗಿನ ಲೆಕ್ಕದಂತೆ, ೮೨ ನೆಲೆಗಳನ್ನು ಕದ್ದು ತನ್ನ ಲೀಗಿನಲ್ಲಿ ಎಲ್ಲರಿಗಿಂತ ಮುಂದೆ ನಿಂತನು. ಮೈದಾನದ ನಡುವಿನ ಹೊರವಲಯವನ್ನು ಕಾಯುವುದು ಆತನ ಸ್ಥಾನ. ಅಲ್ಲಿ ಇನ್ನೊಂದು ಅಪಾಯವಿತ್ತು. ಎತ್ತರಕ್ಕೆ ಹಾರಿದ ಚೆಂಡನ್ನು ಹಿಡಿಯಲು ಇಬ್ಬರು ಮೂವರು ಒಟ್ಟಿಗೆ ಓಡಿ ಬಂದಾಗ, ನಾನು ಹಿಡಿಯುತ್ತೇನೆಂದು ಒಬ್ಬನು ಕೂಗುತ್ತಾನೆ, ಉಳಿದವರು ನಿಲ್ಲುತ್ತಾರೆ. ಕೂಗು ಕೇಳದವನು ನಿಲ್ಲದಿದ್ದರೆ ತಲೆಗೆ ತಲೆ ಡಿಕ್ಕಿ. ಹೋಯ್ ಇದಕ್ಕೂ ಒಂದು ಬರಹವನ್ನು ಸಿದ್ಧಪಡಿಸಿ ತಂಡದವರ ಕೋಣೆಯ ಗೋಡೆಗೆ ಅಂಟಿಸಿದನು. ತಾನು ಹಿಡಿಯುವುದಾದರೆ ತಾನೇ ಧ್ವನಿ ಮಾಡುವುದಾಗಿಯೂ, ತನ್ನ ಧ್ವನಿ ಕೇಳದಿದ್ದರೆ ಚೆಂಡು ಉಳಿದವರದೆಂದು ತಿಳಿಯಬೇಕಾಗಿಯೂ ಅದರಲ್ಲಿ ವಿನಯದಿಂದ ತಿಳಿಸಿದ್ದನು. ತನ್ನ ಕಿವಿಗೆ ತಾನೇ ಕೇಳಿಸದ ಆ ಕೀರಲು ಧ್ವನಿಯನ್ನು ಆತ ಇತರರ ಕ್ಷೇಮಕ್ಕಾಗಿ ಹೊರಡಿಸುತ್ತಿದ್ದನು. ಸನ್ನೆಯನ್ನು ತನ್ನ ಕಡೆಗೆ ಬೇಡಿದವನು ಧ್ವನಿಯನ್ನು ಅವರ ಕಡೆಗೆ ಕೊಟ್ಟನು.

೧೮೮೯ನೆಯ ಇಸವಿ ಜೂನ್ ೧೯ರಂದು ಆತ ಮಾಡಿದ ಸಾಹಸವು ಈಗಲೂ ಆ ಆಟದ ದಾಖಲೆಗಳಲ್ಲಿ ಮೆರೆಯುತ್ತಿದೆ. ಒಂದೇ ಪಂದ್ಯದಲ್ಲಿ ಮೂರು ಸಲ, ಮೈದಾನದ ಹೊರವಲಯದಿಂದ ಚೆಂಡನ್ನು ನೇರವಾಗಿ ಮೂಲ ನೆಲೆಗೆ ಎಸೆದು, ಓಟವನ್ನು ಮುಗಿಸಲು ಬರುತ್ತಿದ್ದ ಮೂವರು ಎದುರಾಳಿಗಳನ್ನು ಔಟ್ ಮಾಡಿಸಿದನು.

ಇಷ್ಟು ಕೀರ್ತಿ ಬಂದರೂ ಆತನಿಗೆ ಅಂಟಿದ ಒಂದು ಹೆಸರು ಮಾತ್ರ ಬಿಡಲಿಲ್ಲ. ಪತ್ರಿಕೆಗಳೂ ಪ್ರೇಕ್ಷಕರೂ ಆತನನ್ನು ಡಮ್ಮಿ ಹೋಯ್ ಎಂದೇ ಕರೆಯುತ್ತಿದ್ದರು. ಆ ಕಾಲದಲ್ಲಿ ಕಿವುಡ ಆಟಗಾರ ಯಾರೇ ಬರಲಿ, ಅವನಿಗೆ ಅದೇ ಬಿರುದು. ನಮ್ಮ ಊರುಗಳಲ್ಲಿ ಮೂಗ, ಕೆಪ್ಪ ಎಂದು ಕೂಗುವುದಕ್ಕೂ ಅದಕ್ಕೂ ಯಾವ ವ್ಯತ್ಯಾಸವೂ ಇಲ್ಲ. ಹೋಯ್ ಆ ಹೆಸರಿಗೆ ಕೊರಗಲಿಲ್ಲ. ಅದನ್ನೇ ತನ್ನದೆಂದು ಒಪ್ಪಿಕೊಂಡು ಅದಕ್ಕೆ ಗೌರವವನ್ನು ತಂದನು. ಆದರೆ ಒಬ್ಬನು ದೊಡ್ಡ ಮನಸ್ಸಿನಿಂದ ಸಹಿಸಿದನೆಂಬ ಮಾತ್ರಕ್ಕೆ ಕರೆದವರ ಬಾಯಿ ಶುದ್ಧವಾಗುವುದಿಲ್ಲ ಎಂಬುದನ್ನು ನಾವು ಮರೆಯಬಾರದು.

ಪ್ರೇಕ್ಷಕರಲ್ಲಿ ಒಳ್ಳೆಯತನವೂ ಇತ್ತು. ಆತ ಅದ್ಭುತವಾದ ಒಂದು ಚೆಂಡನ್ನು ಹಿಡಿದಾಗ, ಚಪ್ಪಾಳೆಯು ಆತನಿಗೆ ಕೇಳಿಸದೆಂದು ಬಲ್ಲ ಜನರು ಒಟ್ಟಾಗಿ ಎದ್ದುನಿಂತು ತಮ್ಮ ಟೋಪಿಗಳನ್ನೂ ತೋಳುಗಳನ್ನೂ ಬೀಸಿ ಸಂತೋಷವನ್ನು ತೋರಿಸಿದರೆಂದು ಆ ಕಾಲದ ಪತ್ರಿಕೆಯ ವರದಿಯಿದೆ. ಇಂದು ಕಿವುಡರ ಸಭೆಗಳಲ್ಲಿ ಚಪ್ಪಾಳೆಗೆ ಬದಲು ಎರಡು ಕೈಗಳನ್ನೂ ಮೇಲೆತ್ತಿ ಅಂಗೈಗಳನ್ನು ಅತ್ತಿತ್ತ ತಿರುಗಿಸುತ್ತಾರೆ. ಶಬ್ದವಿಲ್ಲದ ಆ ಚಪ್ಪಾಳೆಯು ನೋಡುವುದಕ್ಕೆ ಗಾಳಿಗೆ ಅಲುಗುವ ಎಲೆಗಳಂತೆ ಕಾಣುತ್ತದೆ.

ಹೋಯ್ ೧೮೯೮ರಲ್ಲಿ ಅನ್ನಾ ಲೌರಿ ಎಂಬ ಕಿವುಡ ಶಿಕ್ಷಕಿಯನ್ನು ಮದುವೆಯಾದನು. ಅವರ ಮನೆಯ ಬಾಗಿಲಿನ ಗಂಟೆಯ ವಿಷಯವು ಸ್ವಾರಸ್ಯವಾಗಿದೆ. ಹೊರಗಿನಿಂದ ಬಂದವರು ಬಾಗಿಲ ಬಳಿಯ ಗುಂಡಿಯನ್ನು ಎಳೆದರೆ ಒಳಗೆ ಸೀಸದ ಗುಂಡೊಂದು ಮರದ ದೋಣಿಯಲ್ಲಿ ಉರುಳಿ ನೆಲಕ್ಕೆ ಧೊಪ್ಪನೆ ಬೀಳುತ್ತಿತ್ತು. ಸದ್ದು ಕೇಳದಿದ್ದರೇನು? ನೆಲದ ಕಂಪನವು ಪಾದಕ್ಕೆ ತಿಳಿಯುತ್ತಿತ್ತು. ದಂಪತಿಗಳು ಬಂದು ಬಾಗಿಲು ತೆರೆಯುತ್ತಿದ್ದರು. ಹೋಯ್‌ನ ತಂಡದಲ್ಲಿ ಆಡಿದ ಟಾಮಿ ಲೀಚ್ ಎಂಬ ಆಟಗಾರನು ತನ್ನ ಮುಪ್ಪಿನಲ್ಲಿ ಈ ಸಂಗತಿಯನ್ನು ಮೆಚ್ಚಿಕೊಂಡು ಹೇಳಿದ್ದಾನೆ. ದಂಪತಿಗಳ ಮಗ ಕಾರ್ಸನ್ ಹೋಯ್ ಮುಂದೆ ನ್ಯಾಯಾಧೀಶನಾದನು. ಅವರು ಸಾಕಿ ಬೆಳೆಸಿದ ಸೋದರಳಿಯ ಪಾಲ್ ಹೆಲ್ಮ್ಸ್ ಲಾಸ್ ಏಂಜಲೀಸ್ ನಗರದಲ್ಲಿ ದೊಡ್ಡ ರೊಟ್ಟಿಯ ಕಾರಖಾನೆಯನ್ನು ಸ್ಥಾಪಿಸಿ, ಕ್ರೀಡಾಪಟುಗಳಿಗೆ ಪ್ರೋತ್ಸಾಹ ಕೊಡುವ ಸಂಸ್ಥೆಯನ್ನೂ ಕಟ್ಟಿದನು.

೧೯೦೧ರಲ್ಲಿ ಹೋಯ್ ಶಿಕಾಗೋ ತಂಡದಲ್ಲಿ ಆಡಿದನು; ಆ ತಂಡವು ಆ ವರ್ಷ ತನ್ನ ಲೀಗನ್ನು ಗೆದ್ದಿತು. ಮರುವರ್ಷ ಸಿನ್ಸಿನಾಟಿ ತಂಡಕ್ಕೆ ಮರಳಿದನು. ೧೯೦೨ನೆಯ ಇಸವಿ ಮೇ ೧೬ರಂದು ಅಲ್ಲಿ ಒಂದು ಅಪೂರ್ವವಾದ ಪ್ರಸಂಗ ನಡೆಯಿತು. ನ್ಯೂಯಾರ್ಕ್ ತಂಡದ ಪರವಾಗಿ ಚೆಂಡನ್ನು ಎಸೆಯುತ್ತಿದ್ದ ಲೂಥರ್ ಟೇಲರ್ ಕೂಡ ಕಿವುಡ. ಕಾನ್ಸಾಸ್ ಸಂಸ್ಥಾನದ ಕಿವುಡರ ಶಾಲೆಯಲ್ಲಿ ಕಲಿತವನು. ದಾಂಡು ಹಿಡಿದು ಬಂದ ಹೋಯ್ ಮೊದಲು ಕೈಸನ್ನೆಯಿಂದ ಅವನ ಕುಶಲವನ್ನು ವಿಚಾರಿಸಿ, ಕಂಡದ್ದು ಸಂತೋಷವೆಂದು ತಿಳಿಸಿದನು. ಸಾವಿರಾರು ಜನರ ಗದ್ದಲದ ನಡುವೆ ಆ ಇಬ್ಬರ ಮಾತು ಮಾತ್ರ ಒಂದಿಷ್ಟೂ ಕೆಡದೆ ಒಬ್ಬನಿಂದ ಇನ್ನೊಬ್ಬನಿಗೆ ಮುಟ್ಟಿತು. ಆಮೇಲೆ ಆತ ಆ ಗೆಳೆಯನ ಚೆಂಡನ್ನು ಚೆನ್ನಾಗಿಯೇ ಬಾರಿಸಿದನೆನ್ನಿ! ಟೇಲರ್‌ನ ತಂಡದ ವಿಷಯವನ್ನೂ ಹೇಳಬೇಕು. ಅದರ ಮುಖಂಡನಾದ ಜಾನ್ ಮೆಗ್ರಾ ಎಂಬವನು ಒಬ್ಬ ಕಿವುಡನಿಗಾಗಿ ತಾನೂ ಬೆರಳಿನ ಅಕ್ಷರಗಳನ್ನು ಕಲಿತನು. ಜೊತೆಯ ಆಟಗಾರರೂ ಕಲಿತರು. ಒಬ್ಬನು ಹತ್ತು ಮಂದಿಯ ಭಾಷೆಯನ್ನು ಕಲಿಯಲಾರದಿದ್ದಾಗ, ಹತ್ತು ಮಂದಿ ಒಬ್ಬನ ಭಾಷೆಯನ್ನು ಕಲಿತ ಉದಾಹರಣೆಯಿದು. ಟೇಲರ್ ಮುಂದೆ ಕಿವುಡರ ಶಾಲೆಗಳಲ್ಲಿ ಕ್ರೀಡಾಶಿಕ್ಷಕನಾದನು. ಆತನ ಶಿಷ್ಯ ರಿಚರ್ಡ್ ಸಿಪೆಕ್ ೧೯೪೫ರಲ್ಲಿ ಸಿನ್ಸಿನಾಟಿ ತಂಡದಲ್ಲಿ ಆಡಿದನು.

ಇಂದು ಬೇಸ್‌ಬಾಲ್ ಅಂಪೈರನು ಸ್ಟ್ರೈಕಿನ ತೀರ್ಪಿಗೆ ಕೈಯನ್ನು ಎತ್ತುತ್ತಾನೆ. ಈ ಪದ್ಧತಿಯು ಹೋಯ್‌ನಿಂದಲೇ ಬಂದಿತೆಂದು ಅಮೆರಿಕದ ಕಿವುಡರು ಅಭಿಮಾನದಿಂದ ಹೇಳುತ್ತಾರೆ. ಇತಿಹಾಸಕಾರರು ಇದನ್ನು ಪೂರ್ತಿಯಾಗಿ ಒಪ್ಪುವುದಿಲ್ಲ. ಬಿಲ್ ಕ್ಲೆಮ್ ಮೊದಲಾದ ಅಂಪೈರರ ಹೆಸರನ್ನು ಹೇಳುವವರೂ ಇದ್ದಾರೆ. ಈ ವಾದದಲ್ಲಿ ಯಾರೇ ಗೆಲ್ಲಲಿ, ಮಾರ್ಗದರ್ಶಕನ ಕೈ ಎತ್ತಿಸಿದ ಏರ್ಪಾಡು ಹೋಯ್‌ನದೆಂಬುದರಲ್ಲಿ ಸಂದೇಹವಿಲ್ಲ. ಇನ್ನೊಂದು ಆಟದಲ್ಲಿಯೂ ಕಿವುಡರ ಗುರುತು ಉಳಿದಿದೆ. ಅಮೆರಿಕದ ಫುಟ್‌ಬಾಲಿನಲ್ಲಿ ಆಟಗಾರರು ವೃತ್ತಾಕಾರವಾಗಿ ಬಾಗಿ ನಿಂತು ಗುಟ್ಟು ಆಲೋಚಿಸುತ್ತಾರಷ್ಟೆ. ೧೮೯೦ರ ದಶಕದಲ್ಲಿ ವಾಷಿಂಗ್ಟನ್‌ನ ಗ್ಯಾಲೋಡೆಟ್ ಎಂಬ ಕಿವುಡರ ಕಾಲೇಜಿನ ತಂಡವು ತನ್ನ ಕೈಸನ್ನೆಗಳು ಎದುರಾಳಿಗಳಿಗೆ ಕಾಣದಿರಲೆಂದು ಹೀಗೆ ನಿಲ್ಲುತ್ತಿತ್ತು. ಕಿವುಡರಿಗೆ ಅನುಕೂಲವಾದದ್ದು ಕೊನೆಗೆ ಎಲ್ಲರಿಗೂ ಅನುಕೂಲವಾಯಿತು.

೧೯೦೩ರ ಋತುವಿನೊಡನೆ, ನಲವತ್ತೊಂದರ ವಯಸ್ಸಿನಲ್ಲಿ, ಹೋಯ್ ವೃತ್ತಿಯ ಆಟವನ್ನು ನಿಲ್ಲಿಸಿದನು. ಅತ್ಯುಚ್ಚ ಪಂದ್ಯಾವಳಿಯಲ್ಲಿ ಆತನ ಹೊಡೆತಗಳು ಎರಡು ಸಾವಿರವನ್ನು ದಾಟಿದ್ದವು. ಕದ್ದ ನೆಲೆಗಳು ಆರು ನೂರರ ಸಮೀಪಕ್ಕೆ ಬಂದಿದ್ದವು. ಅನಂತರ ಸಿನ್ಸಿನಾಟಿಯ ಬಳಿ ಹೈನುಗಾರಿಕೆಯನ್ನು ಮಾಡಿಕೊಂಡು, ದಂಪತಿಗಳು ಬಹುಕಾಲ ಒಕ್ಕಲುತನದ ಜೀವನವನ್ನು ನಡೆಸಿದರು. ಮೊದಲನೆಯ ಮಹಾಯುದ್ಧದ ಕಾಲದಲ್ಲಿ ಗುಡ್‌ಇಯರ್ ಎಂಬ ರಬ್ಬರಿನ ಕಂಪನಿಯು ನೂರಾರು ಕಿವುಡ ಕೆಲಸಗಾರರನ್ನು ನೇಮಿಸಿಕೊಂಡಾಗ, ಅವರ ಮೇಲ್ವಿಚಾರಣೆಯು ಹೋಯ್‌ನ ಪಾಲಿಗೆ ಬಂದಿತು. ಅಲ್ಲಿಯೂ ಆತ ಕಿವುಡರ ಬೇಸ್‌ಬಾಲ್ ತಂಡವೊಂದನ್ನು ತರಬೇತುಗೊಳಿಸಿದನು.

ಆತ ಹಸುಗಳನ್ನು ಸಾಕಿಕೊಂಡಿದ್ದ ಆ ವರ್ಷಗಳಲ್ಲಿಯೇ ಕಿವುಡರ ಕ್ರೀಡೆಯು ಜಗತ್ತಿನಲ್ಲಿ ಒಂದು ರೂಪವನ್ನು ಪಡೆಯಿತು. ಫ್ರಾನ್ಸ್ ದೇಶದ ಕಿವುಡನಾದ ಯೂಜೀನ್ ರೂಬೆನ್ಸ್ ಅಲ್ಕೇ ಎಂಬವನ ಪ್ರಯತ್ನದಿಂದ ೧೯೨೪ನೆಯ ಇಸವಿ ಆಗಸ್ಟ್ ೧೦ರಿಂದ ೧೭ರವರೆಗೆ ಪ್ಯಾರಿಸ್‌ನಲ್ಲಿ ಅಂತರರಾಷ್ಟ್ರೀಯ ಮೌನ ಕ್ರೀಡಾಕೂಟವು ನಡೆಯಿತು. ಒಲಿಂಪಿಕ್ ಕ್ರೀಡೆಗಳು ಅದೇ ನಗರದಲ್ಲಿ ಆಗತಾನೆ ಮುಗಿದಿದ್ದವು. ೯ ದೇಶಗಳ ೧೪೮ ಕ್ರೀಡಾಪಟುಗಳು ಸೇರಿದ್ದ ಆ ಕೂಟವೇ ಇಂದು ಡೆಫ್‌ಲಿಂಪಿಕ್ಸ್ ಎಂಬ ಹೆಸರಿನಿಂದ ನಡೆಯುತ್ತಿದೆ. ಅಲ್ಲಿ ಓಟದ ಆರಂಭಕ್ಕೆ ಪಿಸ್ತೂಲಿನ ಸದ್ದಿಗೆ ಬದಲು ಬೆಳಕಿನ ಸಂಕೇತವಿರುತ್ತದೆ. ಫುಟ್‌ಬಾಲಿನಲ್ಲಿ ರೆಫರಿಯು ಬಾವುಟವನ್ನು ಬೀಸುತ್ತಾನೆ. ಸ್ಪರ್ಧೆಯ ಕಾಲದಲ್ಲಿ ಯಾರೂ ಕಿವಿಯ ಯಂತ್ರವನ್ನು ಧರಿಸುವಂತಿಲ್ಲ. ಎಲ್ಲರೂ ಸಮಾನರಾಗಿರಬೇಕೆಂಬುದು ಇದರ ಉದ್ದೇಶ. ೨೦೨೨ರಲ್ಲಿ ಬ್ರೆಜಿಲ್ ದೇಶದಲ್ಲಿ ನಡೆದ ಕೂಟದಲ್ಲಿ ಭಾರತದ ಕಿವುಡ ಕ್ರೀಡಾಪಟುಗಳು ೮ ಚಿನ್ನದ ಪದಕಗಳನ್ನೂ ಸೇರಿಸಿ ೧೬ ಪದಕಗಳನ್ನು ತಂದರು. ಒಲಿಂಪಿಕ್ ಪದಕಗಳನ್ನು ಬಾಯಿಪಾಠವಾಗಿ ಹೇಳುವ ನಮ್ಮಲ್ಲಿ ಎಷ್ಟು ಜನಕ್ಕೆ ಈ ಸಂಗತಿ ಗೊತ್ತು?

ಹೋಯ್ ಮುಪ್ಪಿನಲ್ಲಿಯೂ ದಿನವೂ ಮೈಲುಗಟ್ಟಲೆ ನಡೆಯುತ್ತಿದ್ದನು. ೧೯೫೧ರಲ್ಲಿ ಅಮೆರಿಕದ ಕಿವುಡರ ಕ್ರೀಡಾಸಂಘವು ಆತನಿಗೆ ತನ್ನ ಗೌರವಪಟ್ಟಿಯಲ್ಲಿ ಸ್ಥಾನವಿತ್ತಿತು. ೧೯೬೧ನೆಯ ಇಸವಿ ಅಕ್ಟೋಬರ್ ೭ರಂದು ಸಿನ್ಸಿನಾಟಿಯಲ್ಲಿ ವರ್ಲ್ಡ್ ಸೀರೀಸ್ ಎಂಬ ಮಹಾಪಂದ್ಯದ ಮೂರನೆಯ ಆಟವು ನಡೆದಾಗ, ಮೊದಲ ಚೆಂಡನ್ನು ಎಸೆಯುವ ಗೌರವವು ತೊಂಬತ್ತೊಂಬತ್ತರ ಈ ವೃದ್ಧನಿಗೆ ದೊರೆಯಿತು. ಕೆಲವೇ ವಾರಗಳ ಮೇಲೆ, ಡಿಸೆಂಬರ್ ೧೫ರಂದು, ಹೋಯ್ ಕಾಲವಾದನು. ಇನ್ನೈದು ತಿಂಗಳು ಕಳೆದ

ಿದ್ದರೆ ಆತನಿಗೆ ನೂರು ತುಂಬುತ್ತಿತ್ತು. ಬೇಸ್‌ಬಾಲಿನ ಅತ್ಯುನ್ನತ ಕೀರ್ತಿಮಂದಿರದಲ್ಲಿ ಆತನಿಗೆ ಇನ್ನೂ ಸ್ಥಳವಿಲ್ಲವೆಂಬ ಕೊರಗು ಅಲ್ಲಿಯ ಕಿವುಡರಲ್ಲಿದೆ. ಆದರೆ ಗ್ಯಾಲೋಡೆಟ್ ವಿಶ್ವವಿದ್ಯಾಲಯದ ಬೇಸ್‌ಬಾಲ್ ಮೈದಾನವು ಆತನ ಹೆಸರನ್ನು ಹೊತ್ತಿದೆ.

ಈ ಚರಿತ್ರೆಯಿಂದ ನಾವು ತಿಳಿಯಬೇಕಾದದ್ದೇನು? ೨೦೧೧ರ ಜನಗಣತಿಯ ಪ್ರಕಾರ ನಮ್ಮ ದೇಶದಲ್ಲಿ ಕಿವಿಯ ದೋಷವುಳ್ಳವರು ಸುಮಾರು ೫೦ ಲಕ್ಷ ಮಂದಿ. ಮೈಸೂರಿನಲ್ಲಿ ಕಿವುಡರ ಮತ್ತು ಕುರುಡರ ಶಾಲೆ ಪ್ರಾರಂಭವಾಗಿ ನೂರು ವರ್ಷಗಳ ಮೇಲಾಯಿತು. ಭಾರತೀಯ ಸನ್ನೆ ಭಾಷೆಗೆಂದೇ ೨೦೧೫ರಲ್ಲಿ ದಿಲ್ಲಿಯಲ್ಲಿ ಕೇಂದ್ರ ಸಂಸ್ಥೆಯೊಂದು ಸ್ಥಾಪಿತವಾಗಿ, ಆ ಭಾಷೆಯ ಕೋಶವನ್ನೂ ಹೊರತಂದಿದೆ. ೨೦೨೦ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಅದನ್ನು ದೇಶದಲ್ಲೆಲ್ಲ ಏಕರೂಪಗೊಳಿಸಬೇಕೆಂದು ಹೇಳಿದೆ. ಅದು ಅಮೆರಿಕದ ಸನ್ನೆಯ ನಕಲಲ್ಲ. ಅಮೆರಿಕನ್ನರು ಇಂಗ್ಲಿಷಿನ ಅಕ್ಷರಗಳನ್ನು ಒಂದೇ ಕೈಯಿಂದ ತೋರಿಸಿದರೆ, ನಮ್ಮ ದೇಶದಲ್ಲಿ ರೂಢಿಯಾಗಿರುವುದು ಎರಡು ಕೈಗಳ ಪದ್ಧತಿ. ಅದರಲ್ಲಿ ಎ, ಇ, ಐ, ಓ, ಯು ಎಂಬ ಐದು ಸ್ವರಗಳಿಗೆ ಒಂದು ಕೈಯ ಐದು ಬೆರಳ ತುದಿಗಳೇ ಗುರುತು. ಮಗುವೊಂದು ಅದನ್ನು ಒಂದು ನಿಮಿಷದಲ್ಲಿ ಕಲಿಯಬಲ್ಲದು.

ಆದರೆ ಭಾಷೆಯು ಕೋಶದಲ್ಲಿ ಬದುಕುವುದಿಲ್ಲ. ಜನರ ನಡುವೆ ಬದುಕುತ್ತದೆ. ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಸೀಮೆಯನ್ನು ನೋಡಿರಿ. ಒಂದು ತೋಟಕ್ಕೆ ಒಂದು ಮನೆ. ಆ ಮನೆಗೂ ಪಕ್ಕದ ಮನೆಗೂ ನಡುವೆ ಒಂದು ಹಳ್ಳ, ಒಂದು ಬೆಟ್ಟ. ಇಂತಹ ಒಂಟಿ ಮನೆಯಲ್ಲಿ ಹುಟ್ಟಿದ ಕಿವುಡ ಮಗುವಿಗೆ ತನ್ನಂತಹ ಇನ್ನೊಂದು ಮಗುವನ್ನು ಕಾಣುವ ಸಂಭವವೇ ಕಡಿಮೆ. ತಂದೆತಾಯಿಗಳು ಊಟ, ನೀರು, ಬಾ, ಹೋಗು ಎಂಬ ಹತ್ತಾರು ಮನೆಸನ್ನೆಗಳನ್ನು ಹುಟ್ಟಿಸಿಕೊಳ್ಳುತ್ತಾರೆ. ಅಡಿಕೆ ಸುಲಿಯುವಾಗ ಹತ್ತು ಜನ ಕೂಡಿ ನಕ್ಕರೆ ಆ ಮಗು ಎಲ್ಲರ ಮುಖಗಳನ್ನೂ ನೋಡಿ ತಾನೂ ನಗುತ್ತದೆ. ನಕ್ಕದ್ದು ಯಾತಕ್ಕೆಂದು ಅದಕ್ಕೆ ತಿಳಿಯದು. ದೂರದ ಊರಿನ ಕಿವುಡರ ಶಾಲೆಗೆ ಕಳುಹಿಸಿದರೆ ಅದಕ್ಕೆ ಭಾಷೆ ಸಿಗುತ್ತದೆ, ನಿಜ. ಆದರೆ ರಜೆಯಲ್ಲಿ ಊರಿಗೆ ಬಂದರೆ ಆ ಭಾಷೆಯನ್ನು ಬಲ್ಲವರು ಯಾರೂ ಇಲ್ಲ. ಮತ್ತೆ ಮೌನವೇ ಗತಿ.

ಇದಕ್ಕೆ ಉಪಾಯವು ಕಷ್ಟದ್ದಲ್ಲ. ನಮ್ಮ ಪ್ರಾಥಮಿಕ ಶಾಲೆಗಳಲ್ಲಿ ಕಿವಿ ಕೇಳುವ ಮಕ್ಕಳಿಗೇ ವಾರಕ್ಕೆ ಒಂದು ತಾಸು ಸನ್ನೆಯ ಭಾಷೆಯನ್ನು ಕಲಿಸಲಿ. ಹೆಸರು, ಎಣಿಕೆ, ಬಣ್ಣ, ಕುಶಲಪ್ರಶ್ನೆ ಇಷ್ಟರಿಂದ ಪ್ರಾರಂಭಿಸಬಹುದು. ಮಕ್ಕಳ ಕೈಗಳು ಮೊದಲೇ ಸುಮ್ಮನಿರುವಂಥವಲ್ಲ. ಅವರು ಇದನ್ನು ಆಟವೆಂದೇ ಕಲಿತಾರು. ಮೈದಾನದಲ್ಲಿ ಮಾಸ್ತರರು, ಅಕ್ಕೋರು ಸೀಟಿ ಊದುವಾಗ ಕೈಯಲ್ಲಿ ಒಂದು ಬಣ್ಣದ ವಸ್ತ್ರವನ್ನೂ ಬೀಸಲಿ. ಓಟದ ಪಂದ್ಯಕ್ಕೆ ಕೂಗುವುದರ ಜೊತೆಗೆ ಎತ್ತಿದ ಕೈಯನ್ನು ಕೆಳಗಿಳಿಸಲಿ. ಇಷ್ಟು ಮಾಡಿದರೆ ಕಬಡ್ಡಿ, ವಾಲಿಬಾಲ್, ಓಟ ಯಾವುದರಲ್ಲಿಯೂ ಕಿವುಡ ಮಗು ಗೆರೆಯ ಹೊರಗೆ ಕುಳಿತುಕೊಳ್ಳಬೇಕಾಗಿಲ್ಲ. ಡೆಫ್‌ಲಿಂಪಿಕ್ಸ್‌ನ ಕಥೆಗಳನ್ನು ಪಾಠದ ನಡುವೆ ಹೇಳಿದರೆ, ಕಿವುಡನೆಂದರೆ ಕನಿಕರಕ್ಕೆ ಪಾತ್ರನೆಂಬ ಭಾವನೆಯು ಎಳೆಯ ಮನಸ್ಸಿನಲ್ಲಿ ಬೇರೂರುವುದಿಲ್ಲ.

ನನ್ನ ಮನೆತನದಲ್ಲಿ ಕಾಲೇಜಿನ ಮೆಟ್ಟಿಲನ್ನು ಹತ್ತಿದವರಲ್ಲಿ ನಾನೇ ಮೊದಲಿಗನು. ಓದುಬರಹದ ಲೋಕವು ಹೊರಗೆ ನಿಂತವನಿಗೆ ಎಷ್ಟು ದೂರ ಕಾಣುತ್ತದೆಂಬುದನ್ನೂ, ಒಳಗಿನಿಂದ ಯಾರಾದರೂ ಕೈ ನೀಡಿದರೆ ಅದು ಎಷ್ಟು ಹತ್ತಿರ ಬರುತ್ತದೆಂಬುದನ್ನೂ ನಾನು ಬಲ್ಲೆನು. ನನಗೆ ಕಿವಿಗಳಿದ್ದವು, ನನ್ನ ಮಾಸ್ತರರ ಭಾಷೆಯು ನನ್ನ ತಾಯಿಯ ಭಾಷೆಯೂ ಆಗಿತ್ತು. ಕಿವುಡ ಮಗುವಿಗೆ ಅಷ್ಟೂ ಇಲ್ಲ. ನಮ್ಮಲ್ಲಿ ಹಲವರು ಈ ವರ್ಷ ಪದವಿಯನ್ನು ಪಡೆದು, ಕೆಲವರು ಅಧ್ಯಾಪಕರಾಗಿ ಇದೇ ತಾಲೂಕುಗಳ ಶಾಲೆಗಳಿಗೆ ಹೋಗುವವರಿದ್ದೇವೆ. ಅಂತಹ ಮಗು ನಮ್ಮ ವರ್ಗದಲ್ಲಿ ಬಂದು ಕುಳಿತರೆ ಅದಕ್ಕೆ ಏನು ಬೇಕೆಂಬುದನ್ನು ಆಷ್‌ಕಾಷ್‌ನ ಮಾರ್ಗದರ್ಶಕನು ತೋರಿಸಿಕೊಟ್ಟಿದ್ದಾನೆ. ಹೋಯ್ ಅವನಿಂದ ದಯೆಯನ್ನು ಬೇಡಲಿಲ್ಲ, ಆಟದ ನಿಯಮವನ್ನು ಸಡಿಲಿಸೆನ್ನಲಿಲ್ಲ. ಎಲ್ಲರಿಗೂ ಕೇಳಿಸುವ ತೀರ್ಪನ್ನು ತನಗೆ ಕಾಣಿಸುವಂತೆ ಮಾಡೆಂದನು. ಮಾರ್ಗದರ್ಶಕನು ಮಾಡಿದನು. ಉಳಿದದ್ದೆಲ್ಲವನ್ನೂ ಹೋಯ್ ತಾನೇ ಸಾಧಿಸಿದನು.